ಪೈನ್‌ಹರ್ಸ್ಟ್‌ನಲ್ಲಿ ಕಂಡ ಗರಿಕೆ

ನಮ್ಮಲ್ಲಿ ಆಷಾಢದ ಮಳೆ ಹಿಡಿದಿದ್ದ ಜುಲೈ ತಿಂಗಳಲ್ಲಿ ನಾನು ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಬಂದಿಳಿದೆ. ಅಲ್ಲಿ ಅದು ನಡುಬೇಸಿಗೆ. ರಾಲೀ ನಗರದಲ್ಲಿ ಹಗಲು 35 ಡಿಗ್ರಿ ದಾಟುತ್ತಿತ್ತು. ಸಂಜೆಯಾದರೂ ಎಲೆ ಅಲುಗದು, ರಾತ್ರಿಯಾದರೂ ಸೆಖೆ ಇಳಿಯದು. ಬೆಂಗಳೂರಿನ ರಾತ್ರಿಗಳಿಗೆ ಒಗ್ಗಿದ ನನಗೆ ಮೇ ತಿಂಗಳ ಮಂಗಳೂರಿಗೆ ಬಂದಂತಿತ್ತು. ಅಲ್ಲಿಯೇ ನೆಲೆಸಿರುವ ತಂಗಿಯ ಮಗನಿಗೆ ಗಾಲ್ಫ್ ಎಂದರೆ ಪ್ರಾಣ. "ಮಾವ, ನಿಮಗೆ ಆಟ ಬೇಡ, ಅದರ ಹುಲ್ಲು ತೋರಿಸ್ತೀನಿ. ಬೆಳಗಿನ ಜಾವ ಏಳಬೇಕು ಅಷ್ಟೇ" ಅಂದ.

ಕತ್ತಲೆ ಹರಿಯುವ ಮುನ್ನವೇ ಊರಾಚೆಯ ಒಂದು ಹಳೆಯ ಮೈದಾನಕ್ಕೆ ಹೋದೆವು. ಚೆಂಡು ಕೊನೆಗೆ ಸೇರಬೇಕಾದ ಕುಳಿಯ ಸುತ್ತ ನುಣ್ಣನೆಯ ಹುಲ್ಲಿನ ಅಂಗಳವೊಂದಿರುತ್ತದೆ. ಅದಕ್ಕೆ ಗ್ರೀನ್ ಎನ್ನುತ್ತಾರೆ. ಹದಿನೆಂಟು ಕುಳಿಗೆ ಹದಿನೆಂಟು ಗ್ರೀನ್. ಮರಗಳ ಮರೆಯಲ್ಲಿದ್ದ ಒಂದು ಗ್ರೀನಿನ ಬದಿಯಲ್ಲಿ ಕಂಬಕ್ಕೆ ಕೂರಿಸಿದ ದೊಡ್ಡ ಫ್ಯಾನೊಂದು ಗುಂಯ್‌ಗುಡುತ್ತಿತ್ತು. ಗಾಳಿ ಬೀಸುತ್ತಿದ್ದುದು ಹುಲ್ಲಿಗೆ! ಮೈದಾನದ ಸೂಪರಿಂಟೆಂಡೆಂಟ್ ಸಣ್ಣ ಕೊಳವೆಯೊತ್ತಿ ತೆಗೆದ ಮಣ್ಣನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. ಅದರಲ್ಲಿ ಬೆಳ್ಳನೆಯ ಬೇರುಗಳು ಬೆರಳಿನುದ್ದವೂ ಇರಲಿಲ್ಲ. ವಸಂತದಲ್ಲಿ ಇದೇ ಬೇರು ಅದರ ಎರಡು ಮೂರು ಪಟ್ಟು ಆಳಕ್ಕೆ ಇಳಿದಿತ್ತಂತೆ.

ಅಲ್ಲಿದ್ದದ್ದು ಬೆಂಟ್‌ಗ್ರಾಸ್, ತಂಪು ಸೀಮೆಯ ಹುಲ್ಲು. ಭತ್ತ, ಗೋಧಿಗಳಂತೆ ಇದೂ ಬಿಸಿಲು ವಿಪರೀತವಾದಾಗ ಸೊರಗುವ ಜಾತಿ. ಸೆಖೆಯ ರಾತ್ರಿಗಳಲ್ಲಿ ಅದರ ಉಸಿರಾಟ ಹೆಚ್ಚುತ್ತದೆ, ಹಗಲು ಕೂಡಿಟ್ಟ ಸಕ್ಕರೆ ಕರಗುತ್ತದೆ, ಬೇರು ಹಿಂದೆಗೆಯುತ್ತದೆ. ಇಂಥ ಹುಲ್ಲನ್ನು ಸುಮಾರು ಮೂರು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿಡಬೇಕು, ಇಲ್ಲದಿದ್ದರೆ ಚೆಂಡು ಉರುಳದು. ನೀರು ಹೆಚ್ಚು ಕೊಟ್ಟರೆ ಕಾದ ಮಣ್ಣಿನಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ, ಕಡಿಮೆ ಕೊಟ್ಟರೆ ಮಧ್ಯಾಹ್ನದೊಳಗೆ ಬಾಡುತ್ತದೆ. ತೇವ ತುಂಬಿದ ಒಂದು ರಾತ್ರಿ ಸಾಕು, ಪಿಥಿಯಮ್ ಎಂಬ ರೋಗ ಹತ್ತಿ ಬೆಳಗಾಗುವುದರೊಳಗೆ ಹುಲ್ಲು ಕೊಳೆತು ಮಲಗಿರುತ್ತದೆ.

ಮಧ್ಯಾಹ್ನದವರೆಗೂ ಅಲ್ಲೇ ಉಳಿದೆ. ಬಿಸಿಲು ನೆತ್ತಿಗೇರಿದಾಗ ಹುಡುಗರು ಮೀಟರಿನ ಕಡ್ಡಿಗಳನ್ನು ನೆಲಕ್ಕೆ ಚುಚ್ಚಿ ತೇವ ಅಳೆಯುತ್ತಾ, ರಬ್ಬರ್ ಪೈಪು ಹಿಡಿದು ಗ್ರೀನಿನಿಂದ ಗ್ರೀನಿಗೆ ನಡೆದರು. ಮಂಜಿನಂಥ ಹನಿಗಳನ್ನು ಎಲೆಯ ಮೇಲಷ್ಟೇ ಉದುರಿಸುತ್ತಿದ್ದರು. ಆ ನೀರು ಬೇರಿಗಲ್ಲ, ಆವಿಯಾಗಿ ಎಲೆಯ ತಾಪ ಇಳಿಸುವುದಕ್ಕೆ. ತೀರಾ ಬಿಸಿಯ ದಿನಗಳಲ್ಲಿ ಕತ್ತರಿಸುವುದನ್ನೇ ಬಿಟ್ಟು ಹಗುರಾದ ರೋಲರ್ ಎಳೆಯುತ್ತಾರೆ, ಸೂಜಿಯಂಥ ಮೊನೆಗಳಿಂದ ನೆಲ ಚುಚ್ಚಿ ಬೇರಿಗೆ ಗಾಳಿ ಹಾಯಿಸುತ್ತಾರೆ. ಅವರು ಪ್ರತಿ ಗ್ರೀನಿನ ಸ್ವಭಾವವನ್ನೂ ಬಲ್ಲವರು. ಯಾವ ಮೂಲೆ ಮೊದಲು ಬಾಡುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ತಿಂಗಳುಗಟ್ಟಲೆ ನಡೆಯುವ ಈ ಆರೈಕೆಯನ್ನು ಕಂಡು ಅವರ ಬಗ್ಗೆ ಗೌರವ ಮೂಡಿತು.

ಮರುದಿನ ದಕ್ಷಿಣಕ್ಕೆ ಹೊರಟು ಒಂದು ಗಂಟೆ ಸಾಗುವಷ್ಟರಲ್ಲಿ ಮಣ್ಣಿನ ಬಣ್ಣವೇ ಬದಲಾಯಿತು. ಕೆಮ್ಮಣ್ಣು ಹೋಗಿ ಬಿಳಿಯ ಮರಳು, ನೀಳ ಎಲೆಯ ಪೈನ್ ಮರಗಳು, ಕಾರಿನ ಗಾಜು ಇಳಿಸಿದರೆ ಬಿಸಿಯಾದ ರಾಳದ ವಾಸನೆ. ಇದು ಪೈನ್‌ಹರ್ಸ್ಟ್. ಬಾಸ್ಟನ್ನಿನ ಜೇಮ್ಸ್ ವಾಕರ್ ಟಫ್ಟ್ಸ್ 1895ರಲ್ಲಿ ಇಲ್ಲಿ ಸಾವಿರಾರು ಎಕರೆ ಮರಳುಭೂಮಿ ಕೊಂಡು, ಚಳಿಗಾಲ ಕಳೆಯಲು ಬರುವವರಿಗಾಗಿ ಊರು ಕಟ್ಟಿಸಿದ. 1900ರಲ್ಲಿ ಸ್ಕಾಟ್‌ಲೆಂಡಿನ ಡಾರ್ನೋಕ್‌ನವನಾದ ಡೊನಾಲ್ಡ್ ರಾಸ್ ಇಲ್ಲಿಗೆ ಬಂದ. ಹದಿನೆಂಟು ಕುಳಿಗಳ 'ನಂಬರ್ 2' ಮೈದಾನವನ್ನು 1907ರ ಹೊತ್ತಿಗೆ ಸಿದ್ಧಪಡಿಸಿದ ಆತ, 1948ರಲ್ಲಿ ಸಾಯುವವರೆಗೂ ಅದನ್ನು ತಿದ್ದುತ್ತಲೇ ಇದ್ದ. ಆದರೆ ಸುಮಾರು 1935ರವರೆಗೆ ಅಲ್ಲಿನ ಗ್ರೀನ್‌ಗಳಲ್ಲಿ ಹುಲ್ಲೇ ಇರಲಿಲ್ಲ. ಮರಳನ್ನು ಸಮತಟ್ಟು ಮಾಡಿ ಅದರ ಮೇಲೆಯೇ ಚೆಂಡು ಉರುಳಿಸುತ್ತಿದ್ದರು!

ಮುಂದೆ ಹುಲ್ಲು ಬಂತು. ಬಹುಕಾಲ ಇಲ್ಲಿಯೂ ಬೆಂಟ್‌ಗ್ರಾಸನ್ನೇ ಬೆಳೆಸಿ, ಪ್ರತಿ ಬೇಸಿಗೆಯಲ್ಲೂ ಅದನ್ನು ಕಾಯುತ್ತಿದ್ದರು. 2014ರ ಜೂನ್‌ನಲ್ಲಿ ಯು.ಎಸ್. ಓಪನ್ ಗಾಲ್ಫ್‌ನ ಪುರುಷರ ಮತ್ತು ಮಹಿಳೆಯರ ಪಂದ್ಯಾವಳಿಗಳು ಒಂದರ ಹಿಂದೊಂದು ವಾರ ಇದೇ ಮೈದಾನದಲ್ಲಿ ನಡೆದವು. ಅವು ಮುಗಿದ ಮೇಲೆ ಬೆಂಟ್‌ಗ್ರಾಸನ್ನು ತೆಗೆದು ಬೇರೊಂದು ಹುಲ್ಲು ನೆಟ್ಟರು.

ಹದಿನೆಂಟನೆಯ ಗ್ರೀನಿನ ಅಂಚಿಗೆ ಹೋಗಿ ನಿಂತೆ. ಬೋರಲು ಹಾಕಿದ ತಟ್ಟೆಯಂತೆ ನಡುವೆ ಉಬ್ಬಿ ಎಲ್ಲ ಕಡೆಗೂ ಜಾರುವ ಅಂಗಳ. ಮೊಣಕಾಲೂರಿ ಹುಲ್ಲನ್ನು ಬೆರಳಿಂದ ಬಿಡಿಸಿ ನೋಡಿದೆ. ನೆಲಕ್ಕೆ ಅಂಟಿ ಹರಿದ ತೆಳುವಾದ ಬಳ್ಳಿ, ಗೆಣ್ಣುಗೆಣ್ಣಿಗೂ ಬೇರು, ಚಿಕ್ಕ ಮೊನಚಾದ ಎಲೆ. "ಇದು ಗರಿಕೆ ಕಣೋ!" ಎಂದೆ. ತಂಗಿಯ ಮಗ ನಕ್ಕು, "ಹೌದು ಮಾವ, ಇಲ್ಲಿ ಇದಕ್ಕೆ ಬರ್ಮುಡಾ ಅಂತಾರೆ" ಅಂದ. ಚೌತಿಯಂದು ಇಪ್ಪತ್ತೊಂದು ಕುಡಿ ಎಣಿಸಿ ಗಣಪನಿಗೆ ಏರಿಸುವ, ಬದುವಿನ ಮೇಲೆ ತುಳಿದಷ್ಟೂ ಚಿಗುರುವ ನಮ್ಮ ಗರಿಕೆಯ ವಂಶ ಸಾಗರದಾಚೆ ಈ ಪಟ್ಟಕ್ಕೇರಿದ್ದನ್ನು ನೋಡಿ ಎದೆಯುಬ್ಬಿತು.

ಇದು ಅಪ್ಪಟ ಗರಿಕೆಯಲ್ಲ, ಅದರ ಮೊಮ್ಮಗ ಎನ್ನಬಹುದು. ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ 36 ವರ್ಣತಂತುಗಳ ಗರಿಕೆಯನ್ನೂ 18 ವರ್ಣತಂತುಗಳ ಆಫ್ರಿಕಾದ ಅದರ ಬಂಧುವನ್ನೂ ಕೂಡಿಸಿ, 27 ವರ್ಣತಂತುಗಳ ತಳಿಗಳನ್ನು ಪಡೆದರು. ಅವುಗಳಲ್ಲಿ ಹೆಸರಾದ ಟಿಫ್‌ಗ್ರೀನ್ 1956ರಲ್ಲಿ, ಟಿಫ್‌ಡ್ವಾರ್ಫ್ 1965ರಲ್ಲಿ ಹೊರಬಂದವು. ಆ ಕುಲದಲ್ಲಿ ತಾನಾಗಿ ಕಾಣಿಸಿಕೊಂಡ ಅತಿ ಕುಳ್ಳ ತಳಿಯೇ ಪೈನ್‌ಹರ್ಸ್ಟ್‌ನಲ್ಲಿರುವ 'ಚಾಂಪಿಯನ್'. ಇದರಲ್ಲಿ ಬೀಜ ಕಟ್ಟುವುದಿಲ್ಲ, ಬಳ್ಳಿಯ ತುಂಡುಗಳನ್ನು ನೆಟ್ಟೇ ಬೆಳೆಸಬೇಕು. ಜೋಳ, ರಾಗಿ, ಕಬ್ಬುಗಳಂತೆ ಇದೂ ಬಿಸಿಲನ್ನು ಉಂಡು ಬೆಳೆಯುವ ಬಗೆಯದು. ಬೆಂಟ್‌ಗ್ರಾಸ್ ಬಳಲುವ ಜುಲೈನಲ್ಲಿ ಇದಕ್ಕೆ ಹಬ್ಬ.

ಹಾಗೆಂದು ಬೇಸಿಗೆಯಲ್ಲಿ ಕೆಲಸ ಇಲ್ಲವೆಂದಲ್ಲ. ಹಿಂದಿನ ದಿನ ಹುಲ್ಲು ಉಳಿಸಲು ಹೆಣಗುವವರನ್ನು ಕಂಡಿದ್ದೆ, ಇಲ್ಲಿ ಅದರ ಉಬ್ಬರವನ್ನು ಅಂಕೆಯಲ್ಲಿಡುವ ದುಡಿಮೆ. ಗರಿಕೆ ಅಡ್ಡಡ್ಡ ಹರಿದು ಕೆಳಗೆ ಮೆತ್ತೆ ಕಟ್ಟುತ್ತದೆ. ನೇರ ಅಲಗುಗಳ ಯಂತ್ರದಿಂದ ಆ ಬಳ್ಳಿಗಳನ್ನು ಸೀಳುತ್ತಾರೆ, ಮೇಲೆ ತೆಳುವಾಗಿ ಮರಳು ಹರಡಿ ಬ್ರಷ್ಷಿನಿಂದ ಒಳಗಿಳಿಸುತ್ತಾರೆ. ಟೊಳ್ಳು ಮೊಳೆಗಳಿಂದ ಮಣ್ಣಿನ ತುಂಡುಗಳನ್ನು ಕಿತ್ತು ತೂತು ಮಾಡುವ ಒರಟು ಕೆಲಸಕ್ಕೂ ಇಂಥ ಹುಲ್ಲಿಗೆ ಬೇಸಿಗೆಯೇ ತಕ್ಕ ಕಾಲ. ಆಗ ಗಾಯ ಕೆಲವೇ ವಾರಗಳಲ್ಲಿ ಮಾಯುತ್ತದೆ. ಇದಕ್ಕೆ ಸಹಿಸಲಾಗದ್ದು ನೆರಳು.

ಗ್ರೀನಿನಿಂದ ಕಣ್ಣೆತ್ತಿದರೆ ಇನ್ನೊಂದು ಸೋಜಿಗ. ಇಕ್ಕೆಲದಲ್ಲೂ ಬಯಲು ಮರಳು, ಅದರಲ್ಲಿ ಗೊಂಚಲು ಗೊಂಚಲಾಗಿ ಒರಟಾದ ಕಾಡುಹುಲ್ಲು. 2010ರಲ್ಲಿ ಶುರುವಾದ ಜೀರ್ಣೋದ್ಧಾರದಲ್ಲಿ ಮೈದಾನ ವಿನ್ಯಾಸಕರಾದ ಬಿಲ್ ಕೋರ್ ಮತ್ತು ಬೆನ್ ಕ್ರೆನ್‌ಶಾ 35 ಎಕರೆಯಷ್ಟು ಬೆಳೆಸಿದ ಹುಲ್ಲನ್ನು ಕೀಳಿಸಿ, ರಾಸ್‌ನ ಕಾಲದ ನೆಲವನ್ನು ಮರಳಿ ತಂದರು. ಸುಮಾರು 1,150 ಇದ್ದ ನೀರಿನ ಸ್ಪ್ರಿಂಕ್ಲರ್‌ಗಳು 450ಕ್ಕೆ ಇಳಿದವು.

ಚಳಿಗಾಲದಲ್ಲಿ ಗರಿಕೆ ಬೆಳವಣಿಗೆ ನಿಲ್ಲಿಸಿ ಕಂದಾಗುತ್ತದೆ, ಕೊರೆಯುವ ರಾತ್ರಿಗಳಲ್ಲಿ ಗ್ರೀನ್‌ಗಳಿಗೆ ಹೊದಿಕೆ ಹೊದಿಸಬೇಕು. ಆದರೂ ಬೇಸಿಗೆಯುದ್ದಕ್ಕೂ ಫ್ಯಾನು, ಪೈಪು, ಔಷಧಿಗಳೊಂದಿಗೆ ಕಾವಲು ಕೂರುವುದರ ಮುಂದೆ ಈ ಹೊರೆ ಹಗುರವೇ ಎನಿಸಿತು. ಬೆಂಟ್‌ಗ್ರಾಸಿನ ಆ ಹುಡುಗರ ನಿಷ್ಠೆಗೆ ಸಾಟಿಯಿಲ್ಲ. ಆದರೆ ನೆಲಕ್ಕೂ ಬಿಸಿಲಿಗೂ ಒಪ್ಪುವುದನ್ನು ನೆಟ್ಟು, ನೀರು ಬೇಡದ ಕಡೆ ಮರಳನ್ನು ಮರಳಾಗಿಯೇ ಬಿಟ್ಟ ಪೈನ್‌ಹರ್ಸ್ಟ್‌ನ ವಿವೇಕ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿತು. ಹಸಿರು ಲಾನಿಗಾಗಿ ಬೋರ್‌ವೆಲ್ ಬತ್ತಿಸುವ ನಮ್ಮ ನಗರಗಳೂ ಈ ಪಾಠ ಕಲಿಯಬಹುದು. ಅದಕ್ಕೆ ಬೇಕಾದ ಹುಲ್ಲು ಆಗಲೇ ನಮ್ಮ ಬದುಗಳ ಮೇಲಿದೆ.