ಮುಂಜಾನೆಯ ಹವಾ

ನಮ್ಮ ಅಪ್ಪ ಧಾರವಾಡದಲ್ಲಿ ಮಾಸ್ತರರಾಗಿ ನಿವೃತ್ತರಾದವರು. ಎಪ್ಪತ್ತೆರಡು ವರ್ಷ. ಬೆಳಿಗ್ಗೆ ಐದೂವರೆಗೆ ಎದ್ದು ವಾಕಿಂಗ್ ಹೋಗುವುದನ್ನು ನಲವತ್ತು ವರ್ಷದಿಂದ ತಪ್ಪಿಸಿಲ್ಲ. ದೀಪಾವಳಿ ಮುಗಿಸಿ ಅವ್ವನ ಜೊತೆ ಪುಣೆಗೆ ಬಂದರೆ ಸಂಕ್ರಾಂತಿಯವರೆಗೆ ನಮ್ಮಲ್ಲೇ ಇರುತ್ತಾರೆ. ಬಂದ ಮರುದಿನವೇ ಮಫ್ಲರ್ ಸುತ್ತಿಕೊಂಡು ಬಾಣೇರ್ ಟೇಕಡಿಯ ಕಡೆ ಹೊರಟುಬಿಡುತ್ತಾರೆ.

ಕಳೆದ ಚಳಿಗಾಲದಲ್ಲಿ ಎರಡೇ ವಾರಕ್ಕೆ ಕೆಮ್ಮು ಶುರುವಾಯಿತು. ರಾತ್ರಿ ಮಲಗಿದರೆ ಎದೆಯೊಳಗಿಂದ ಸಿಳ್ಳೆ ಹೊಡೆದಂಥ ಸದ್ದು. ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟು, ಮುಂಜಾನೆಯ ವಾಕಿಂಗ್ ಬಿಡಿ ಎಂದರು. ಅಪ್ಪನಿಗೆ ಕೆಮ್ಮಿಗಿಂತ ಈ ಮಾತೇ ಹೆಚ್ಚು ನಾಟಿತು.

"ಮುಂಜಾನಿ ಹವಾ ಕೆಟ್ಟದ್ದು ಅಂತ ಯಾರರೆ ಹೇಳ್ತಾರೇನೋ? ಧಾರವಾಡದಾಗೂ ಗುಡ್ಡ ಅದ, ಥಂಡಿ ಅದ. ಅಲ್ಲಿ ಏನೂ ಆಗಲಿಲ್ಲಲ್ಲ?"

ಧಾರವಾಡ ದಿನ್ನೆಯ ಮೇಲೆ ಕೂತ ಊರು, ಪುಣೆ ಬಟ್ಟಲಲ್ಲಿ ಕೂತದ್ದು ಎಂದು ಹೇಳಿದೆ. ನಂಬಲಿಲ್ಲ. ಒಂದು ಭಾನುವಾರ ಏಳೂವರೆಗೆ ಮಾಸ್ಕ್ ಹಾಕಿಸಿ ಟೇಕಡಿಯ ಮೇಲೆ ಕರೆದುಕೊಂಡು ಹೋದೆ. ನಾವು ನಿಂತಲ್ಲಿ ಎಳೆಬಿಸಿಲು. ಕೆಳಗೆ ಊರಿನ ಮೇಲೆ ಬೂದಿ ಬಣ್ಣದ ಪಟ್ಟಿ, ಅದರಿಂದ ಇಪ್ಪತ್ತಂತಸ್ತಿನ ಕಟ್ಟಡಗಳ ತುದಿ ಮಾತ್ರ ಹೊರಗೆ. ಸಿಂಹಗಡದ ದಿಕ್ಕಿಗೆ ಏನೂ ಕಾಣುತ್ತಿರಲಿಲ್ಲ.

"ಮಂಜು," ಎಂದರು ಅಪ್ಪ.

ಮಂಜಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಗೆ ಈ ತೊಂದರೆ ಇಲ್ಲ. ಘಟ್ಟದ ಕಡೆಯಿಂದ ಪಡುವಣ ಗಾಳಿ ಒಂದೇ ಸಮನೆ ಬೀಸುತ್ತದೆ, ಮಳೆ ಧೂಳನ್ನು ತೊಳೆಯುತ್ತದೆ. ಮಳೆಯ ಬಹುಪಾಲನ್ನು ಘಟ್ಟವೇ ಹೀರಿಕೊಂಡು, ಲೋಣಾವಳಾಕ್ಕೆ ಬೀಳುವುದರ ಒಂದು ಪಾಲಷ್ಟೇ ನಮಗೆ ದಾಟಿಸುತ್ತದೆ, ಅಷ್ಟೇ ಸಾಕು. ನವೆಂಬರ್ ಹೊತ್ತಿಗೆ ಗಾಳಿ ನಿಂತು ಆಕಾಶ ತಿಳಿಯಾಗುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗಿ, ಸುತ್ತಲಿನ ಗುಡ್ಡಗಳಿಂದ ತಣ್ಣನೆಯ ಗಾಳಿ ಮುಳಾ-ಮುಠಾ ಕಣಿವೆಗೆ ಇಳಿದು ಕೂರುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ, ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಡಂಪರ್‌ಗಳ ಹೊಗೆ, ಕಾಂಕ್ರೀಟ್ ಪ್ಲಾಂಟಿನ ಧೂಳು, ಕಸ ಸುಟ್ಟದ್ದು ಎಲ್ಲ ಕೆಳಗೇ ಸಿಕ್ಕಿಬೀಳುತ್ತದೆ. ಬಿಸಿಲೇರಿ ನೆಲ ಕಾದ ಮೇಲಷ್ಟೇ ಆ ತಟ್ಟೆ ಸರಿಯುವುದು. ಅಂದರೆ ಅಪ್ಪ ಎದೆ ತುಂಬ ಉಸಿರೆಳೆಯುವ ಹೊತ್ತೇ ದಿನದಲ್ಲಿ ಕೆಟ್ಟ ಹೊತ್ತುಗಳಲ್ಲೊಂದು.

ತಮಾಷೆಯೆಂದರೆ, ದೇಶದ ಹವಾಮಾನ ಶಾಸ್ತ್ರದ ತವರು ಇದೇ ಊರು. ಹವಾಮಾನ ಇಲಾಖೆ ಶಿಮ್ಲಾದಿಂದ 1928ರಲ್ಲಿ ಇಲ್ಲಿಗೆ ಬಂತು. ಶಿವಾಜಿನಗರದ ಆ ಕಟ್ಟಡಕ್ಕೆ ಈಗಲೂ ಸಿಮ್ಲಾ ಆಫೀಸ್ ಎಂದೇ ಹೆಸರು. ಗಾಳಿಯ ಗುಣಮಟ್ಟದ ಮುನ್ಸೂಚನೆ ಕೊಡುವ 'ಸಫರ್' ನಮ್ಮ ಪಕ್ಕದ ಪಾಷಾಣದ ಸಂಸ್ಥೆಯಲ್ಲೇ ಹುಟ್ಟಿದ್ದು. ಆ ಅಂಕಿಗಳನ್ನು ನಾನು ದಿನಾ ನೋಡುತ್ತೇನೆ. ಸೂಚ್ಯಂಕ 101ರಿಂದ 200ರವರೆಗೆ ಇದ್ದರೆ ಅದಕ್ಕೆ 'ಮಧ್ಯಮ' ಎಂಬ ಸೌಮ್ಯ ಹೆಸರು. ಅದೂ ಇಪ್ಪತ್ನಾಲ್ಕು ಗಂಟೆಯ ಸರಾಸರಿ. ಮುಂಜಾನೆ ಏಳರ ಹೊಗೆಯನ್ನು ಮಧ್ಯಾಹ್ನ ಮೂರರ ಗಾಳಿ ಮುಚ್ಚಿಹಾಕುತ್ತದೆ. ಸರಾಸರಿಯ ಈ ಮೋಸ ನನಗೆ ಆಫೀಸಿನ ಡ್ಯಾಶ್‌ಬೋರ್ಡ್‌ಗಳಿಂದಲೇ ಪರಿಚಯ.

ಇಷ್ಟೆಲ್ಲ ತಿಳಿದಿದ್ದೂ ನಾನು ಮಾಡಿದ್ದು ಒಂದೇ ಕೆಲಸ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ವಾಚ್‌ಮನ್ ಮೇಲೆ ದೂರು ಬರೆದೆ. ರಾತ್ರಿ ಗೇಟಿನ ಹೊರಗೆ ರಟ್ಟು, ಹಲಗೆ, ಒಮ್ಮೊಮ್ಮೆ ಪ್ಲಾಸ್ಟಿಕ್ಕೂ ಹಾಕಿ ಬೆಂಕಿ ಕಾಯಿಸುತ್ತಿದ್ದ. ಹೊಗೆ ನೇರ ಅಪ್ಪನ ಕೋಣೆಗೆ ಬರುತ್ತಿತ್ತು. ಫೋಟೋ ಹಾಕಿದೆ, ನಲವತ್ತು ಹೆಬ್ಬೆರಳು ಬಂದವು, ಮರುದಿನವೇ ಬೆಂಕಿ ನಿಂತಿತು. ಅದೇ ರಸ್ತೆಯ ಕಾಂಕ್ರೀಟ್ ಪ್ಲಾಂಟಿನ ಮೇಲೆ ಎರಡು ವರ್ಷದಿಂದ ಬರೆಯುತ್ತಿದ್ದೇವೆ, ಒಂದು ಲಾರಿಯೂ ನಿಂತಿಲ್ಲ.

ಮೂರು ದಿನದ ಮೇಲೆ ಅಪ್ಪ ಕೇಳಿದರು: "ಆ ಹುಡುಗ ಕಲಬುರ್ಗಿ ಕಡೆಯಾಂವ, ಗೊತ್ತೇನು ನಿನಗ?"

ಗೊತ್ತಿರಲಿಲ್ಲ. ಎರಡು ವರ್ಷದಿಂದ ಅವನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದೆ. ವಾಕಿಂಗ್‌ಗೆ ಹೋಗುವಾಗ ದಿನಾ ಅವನು "ಅಜ್ಜಾರ, ಬರ್ರಿ, ಕೈ ಕಾಸ್ಕೋರಿ" ಎಂದು ಕರೆಯುತ್ತಿದ್ದನಂತೆ. ಅಪ್ಪ ಹತ್ತು ನಿಮಿಷ ಅಲ್ಲೇ ಕೂರುತ್ತಿದ್ದರಂತೆ.

"ಅಂದ್ರ ನಿಮ್ಮ ಎದೀಗೆ ಆ ಹೊಗಿ ಅಲ್ಲೇ ಹೋಗ್ಯದ!" ಎಂದೆ ಸಿಟ್ಟಿನಿಂದ.

"ಹೋಗಿರಬೇಕು," ಎಂದರು. "ಆದ್ರ ರಾತ್ರಿ ಎಂಟೊಂಬತ್ತು ಡಿಗ್ರಿ ಥಂಡ್ಯಾಗ ಅಂವ ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಕೂತಾನ. ನಿಮ್ಮ ಗ್ರೂಪಿನ್ಯಾಗ ಅದನ್ನ ಯಾರೂ ಬರೀಲಿಲ್ಲೇನು?"

ಬರೆದಿರಲಿಲ್ಲ. ಆ ರಾತ್ರಿ ಬರೆದೆ. ಕಾವಲುಮನೆಗೆ ಒಂದು ಬಾಗಿಲು, ಒಂದು ಸಣ್ಣ ಹೀಟರ್ ಕೊಡಿಸೋಣ ಎಂದು. ಈ ಸಲ ಹೆಬ್ಬೆರಳು ಆರು. ಕರೆಂಟ್ ಬಿಲ್ಲಿನ ಬಗ್ಗೆ ಮಾತ್ರ ಉದ್ದನೆಯ ಚರ್ಚೆ ನಡೆಯಿತು. ಕೊನೆಗೆ ಬಾಗಿಲು ಬಂತು. ಹೀಟರನ್ನು ನಾವು ನಾಲ್ಕು ಮನೆಯವರು ಸೇರಿ ತಂದೆವು. ಅದು ಬರುವ ಮೊದಲೇ ಅಪ್ಪ ತಮ್ಮ ಕರಿ ಕಂಬಳಿ ಕೊಟ್ಟಾಗಿತ್ತು.

ಅಪ್ಪನ ವಾಕಿಂಗ್ ಈಗ ಮಧ್ಯಾಹ್ನ ಮೂರೂವರೆಗೆ. ಅದು ವಾಕಿಂಗೇ ಅಲ್ಲ ಎಂದು ಅವರ ತಕರಾರು. ಆ ಹೊತ್ತಿನಲ್ಲಿ ಹಾಲಿನವನೂ ಸಿಗುವುದಿಲ್ಲ, ಪೇಪರಿನವನೂ ಇಲ್ಲ, ಗೇಟಿನಲ್ಲಿ ಹಗಲುಪಾಳಿಯ ಬೇರೆ ಯಾರೋ. ಇನ್‌ಹೇಲರ್ ಜೇಬಿನಲ್ಲಿರುತ್ತದೆ. ಹೋಗುವ ಮೊದಲು ನನಗೆ ಫೋನ್ ಮಾಡಿ ಕೇಳುತ್ತಾರೆ, "ಎಷ್ಟದನೋ ಇವತ್ತು?"