ಪಾನಗೃಹದಲ್ಲಿ ಕಲಿತ ವಿದ್ಯೆ

ಅಕ್ಕನ ಮಗನು ಗಿಟಾರು ಹಿಡಿದಿದ್ದಾನೆ. ಶನಿವಾರದ ರಾತ್ರಿ ಗೆಳೆಯರೊಡನೆ ಯಾವುದೋ ಪಾನಗೃಹದಲ್ಲಿ ನುಡಿಸಿ ಬರುತ್ತಾನೆ. “ಅವನಿಗೆ ನಾಲ್ಕು ಮಾತು ಬುದ್ಧಿ ಹೇಳೋ, ಹೆಂಡದಂಗಡಿಯಲ್ಲಿ ಸರಸ್ವತಿ ಇರುತ್ತಾಳೆಯೆ?” ಎಂದು ಅಕ್ಕನು ನನ್ನನ್ನು ಕಾಡುತ್ತಿದ್ದಾಳೆ. ಅವಳ ಸಂಕಟವು ನನಗೆ ತಿಳಿಯದುದಲ್ಲ. ಆದರೆ ಬುದ್ಧಿ ಹೇಳಹೊರಟಾಗಲೆಲ್ಲ ಬೀಟಲ್ಸ್ ಮೇಳದವರ ವೃತ್ತಾಂತವು ನೆನಪಾಗಿ ನಾಲಗೆ ತಡೆಯುತ್ತದೆ.

1960ನೆಯ ಇಸವಿಯ ಆಗಸ್ಟಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಿಂದ ಐವರು ಹುಡುಗರು ಜರ್ಮನಿಯ ಹ್ಯಾಂಬರ್ಗಿಗೆ ಹೊರಟರು. ಅಲ್ಲಿ ನಾವಿಕರೂ ಕುಡುಕರೂ ನೆರೆಯುವ ಕೇರಿಯಲ್ಲಿ ‘ಇಂದ್ರ’ ಎಂಬ ಪಾನಗೃಹದಲ್ಲಿ ಅವರಿಗೆ ಕೆಲಸ. ಹೆಸರೇನೋ ನಮ್ಮ ದೇವೇಂದ್ರನದು. ಸ್ವರ್ಗಸುಖ ಮಾತ್ರ ಲೇಶವೂ ಇರಲಿಲ್ಲ. ಚಿತ್ರಮಂದಿರವೊಂದರ ಪರದೆಯ ಹಿಂದಣ ಕತ್ತಲೆಕೋಣೆಯೇ ಬಿಡಾರ. ಮುಖ ತೊಳೆಯುವುದಕ್ಕೆ ಅಲ್ಲಿಯ ಶೌಚಗೃಹದ ನೀರು. ಪ್ರತಿರಾತ್ರಿಯೂ ನಾಲ್ಕಾರು ಗಂಟೆಗಳ ಕಾಲ ಹಾಡಬೇಕು. ಬಲ್ಲ ಹಾಡುಗಳೆಲ್ಲ ಮುಗಿದುಹೋದರೆ ಹೊಸತನ್ನು ಕಲಿಯಬೇಕು, ಇಲ್ಲವೆ ಇದ್ದುದನ್ನೇ ಬೆಳೆಸಬೇಕು. ಕುಡುಕನಿಗೆ ದಾಕ್ಷಿಣ್ಯವೆಲ್ಲಿಯದು? ಬೇಸರವಾದರೆ ಎದ್ದು ಪಕ್ಕದಂಗಡಿಗೆ ಹೋಗುವನು. ಅಂಥವನನ್ನು ಕೂರಿಸಿ ಕೇಳಿಸುವ ವಿದ್ಯೆಯು ಯಾವ ಗುರುಕುಲದಲ್ಲಿ ದೊರೆತೀತು! ಮೇಳದ ಜಾರ್ಜ್ ಹ್ಯಾರಿಸನ್ನನಿಗೆ ಇನ್ನೂ 18 ತುಂಬಿಲ್ಲವೆಂದು ತಿಳಿದು ಅಧಿಕಾರಿಗಳು ಆ ನವಂಬರಿನಲ್ಲಿ ಅವನನ್ನು ದೇಶದಿಂದ ಹೊರಕ್ಕಟ್ಟಿದರು. ನಮ್ಮ ಹುಡುಗನಿಗೆ ಈಗ 22; ಅಷ್ಟು ಸಮಾಧಾನ.

ಊರಿಗೆ ಮರಳಿ ‘ಕ್ಯಾವರ್ನ್’ ಎಂಬ ನೆಲಮಾಳಿಗೆಯಲ್ಲಿ 1963ರವರೆಗೆ 250ಕ್ಕೂ ಮಿಕ್ಕಿ ಸಲ ನುಡಿಸಿದರು. ಗ್ರಾಮಫೋನು ತಟ್ಟೆಗಳ ವ್ಯಾಪಾರಿ ಬ್ರಯಾನ್ ಎಪ್‌ಸ್ಟೀನನು ಅವರನ್ನು ಕಂಡು ಕೈಹಿಡಿದುದು ಅಲ್ಲಿಯೇ. ಮುಂದಿನ ಖ್ಯಾತಿಯನ್ನು ಲೋಕವೇ ಬಲ್ಲುದು.

ನನ್ನ ಅಂಜಿಕೆ ಪಾನಗೃಹದ ವಿಷಯದಲ್ಲಲ್ಲ, ಆ ಖ್ಯಾತಿಯ ವಿಷಯದಲ್ಲಿ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶಿಯಾ ಕ್ರೀಡಾಂಗಣದಲ್ಲಿ 55,000ಕ್ಕೂ ಹೆಚ್ಚು ಜನ ನೆರೆದಿದ್ದರು. ಅವರ ಚೀತ್ಕಾರದಲ್ಲಿ ಧ್ವನಿವರ್ಧಕಗಳ ಸದ್ದೇ ಮುಳುಗಿಹೋಯಿತು. ಹಾಡುವವರಿಗೆ ತಮ್ಮ ಹಾಡು ಕೇಳಿಸದು. ಇಂಥ ಕಚೇರಿಗಳಲ್ಲಿ ತಾಳವಾದ್ಯದ ರಿಂಗೋ ಸ್ಟಾರನು ಮುಂದಿನವರ ಮೈ ಅಲುಗುವುದನ್ನು ನೋಡಿ ಲಯ ಹಿಡಿಯಬೇಕಾಗುತ್ತಿತ್ತಂತೆ. ಹ್ಯಾಂಬರ್ಗಿನ ಕುಡುಕರಾದರೂ ಬೈಯುವುದಕ್ಕಾಗಿಯಾದರೂ ಕೇಳಿಸಿಕೊಳ್ಳುತ್ತಿದ್ದರು.

1966ರ ಆಗಸ್ಟ್ 29ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಮೇಳದವರು ಸಂಚಾರವನ್ನೇ ನಿಲ್ಲಿಸಿದರು. ಮರುತಿಂಗಳು ಹ್ಯಾರಿಸನ್ನನು ಮುಂಬಯಿಗೆ ಬಂದು, ಪಂಡಿತ ರವಿಶಂಕರರ ಬಳಿ ಶಿಷ್ಯನಾಗಿ ಸಿತಾರಿನ ಅಭ್ಯಾಸಕ್ಕೆ ಕುಳಿತನು. ಆಗ ಅವನಿಗೆ 23 ವರ್ಷ.