ಹಿತ್ತಲ ತೊಟ್ಟಿಯ ಬಣ್ಣದ ಗೆಂಡೆ

ಬೆಳಗಿನ ಜಾವ ಐದೂವರೆ. ಹಾಲು ಕರೆಯೋಕೆ ಎದ್ದಿದ್ದ ಅಜ್ಜಿ ಹಿತ್ತಲಿಂದಲೇ ಕೂಗಿದರು: "ಬನ್ರೋ ಇಲ್ಲಿ, ನಿಮ್ ಮೀನು ಬಾಯ್ ಬಾಯ್ ಬಿಡ್ತಾವೆ!"

ಓಡಿಹೋಗಿ ನೋಡಿದೆವು. ಆರೂ ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಹಸಿವಾಗಿದೆ ಅಂದುಕೊಂಡು ಒಂದು ಹಿಡಿ ಪುರಿ ಎರಚಿದೆವು. ಒಂದೂ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅವು ಉಸಿರಿಗೆ ಒದ್ದಾಡುತ್ತಿದ್ದವು ಅಂತ ನಮಗೆ ಗೊತ್ತಾಗಿದ್ದು, ಆ ಎರಡನ್ನು ತೆಂಗಿನ ಬುಡಕ್ಕೆ ಹೂತ ಮೇಲೆ.

ನಾವು ಅಂದರೆ ಅಣ್ಣ-ತಂಗಿ ಇಬ್ಬರು. ಊರು ತಿಪಟೂರು ಸೀಮೆಯ ತೆಂಗಿನ ತೋಟಗಳ ನಡುವೆ ಇದೆ. ಹಿತ್ತಲಲ್ಲಿ ಹಳೇ ಸಿಮೆಂಟ್ ತೊಟ್ಟಿ ಇತ್ತು. 10 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳ. ರಾತ್ರಿ ಕರೆಂಟ್ ಬಂದಾಗ ಬೋರಿನ ನೀರು ತುಂಬಿಸಿಡೋಕೆ ಅಪ್ಪ ಕಟ್ಟಿಸಿದ್ದು. ಡ್ರಿಪ್ ಹಾಕಿಸಿದ ಮೇಲೆ ಅದು ಖಾಲಿ ಬಿದ್ದಿತ್ತು. 2023ರ ಜನವರಿಯಲ್ಲಿ ಬೆಂಗಳೂರಿಗೆ ಹೋದವರು, ಅಕ್ವೇರಿಯಂ ಅಂಗಡಿಯಲ್ಲಿ ಕೆಂಪು-ಬಿಳಿ ಮೀನು ಕಂಡು ಮನಸ್ಸು ತಡೆಯದೆ ಬೆರಳುದ್ದದ ಆರು ತಂದೆವು. ಅಂಗಡಿಯವರು ಹೆಸರು ಹೇಳಿದ್ದು ಕೊಯಿ ಅಂತ.

ಹೆಸರು ಪರದೇಶದ್ದಾದರೂ ಮೀನು ನಮಗೆ ಹೊಸತಲ್ಲ. ನಮ್ಮ ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆ ಇದೆಯಲ್ಲ, ಕೊಯಿ ಅದರದ್ದೇ ಹತ್ತಿರದ ಬಂಧು. ಬೇರೆ ಇರೋದು ಬಣ್ಣ ಮಾತ್ರ. ಜಪಾನಿನ ನೀಗಾತ ಪ್ರಾಂತ್ಯದ ಬೆಟ್ಟದ ಹಳ್ಳಿಗಳಲ್ಲಿ ಭತ್ತ ಬೆಳೆಯುವ ರೈತರು, ಹಿಮ ಬೀಳುವ ತಿಂಗಳುಗಳ ಊಟಕ್ಕೆಂದು ಗೆಂಡೆ ಸಾಕುತ್ತಿದ್ದರು. ಸುಮಾರು ಇನ್ನೂರು ವರ್ಷದ ಹಿಂದೆ ಅವುಗಳಲ್ಲಿ ಕೆಲವು ಬಣ್ಣದ ಮಚ್ಚೆ ಹೊತ್ತು ಹುಟ್ಟಿದವು. ರೈತರು ಅವನ್ನು ತಿನ್ನದೆ ಉಳಿಸಿ, ಒಂದಕ್ಕೊಂದು ಕೂಡಿಸಿ ತಳಿ ಬೆಳೆಸಿದರು. 1914ರಲ್ಲಿ ಟೋಕಿಯೋದ ದೊಡ್ಡ ವಸ್ತುಪ್ರದರ್ಶನದಲ್ಲಿ ಇಟ್ಟ ಮೇಲೆ ಇಡೀ ಜಪಾನಿಗೆ ಇವು ಪರಿಚಯವಾದವು. ಅಲ್ಲಿ ಇವಕ್ಕೆ ನಿಶಿಕಿಗೋಯ್ ಅನ್ನುತ್ತಾರೆ. ನಮ್ಮ ಮಾತಲ್ಲಿ ಜರತಾರಿ ಗೆಂಡೆ ಅನ್ನಬಹುದು. ರೈತರ ಮೀನು ಅಂತ ಗೊತ್ತಾದಾಗ ನಮಗೆ ಯಾಕೋ ಖುಷಿಯಾಯಿತು.

ಆದರೆ ಆ ರೈತರಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ. ಎರಡು ಮೀನು ಸತ್ತ ಮೇಲೆ, ಮೀನುಗಾರಿಕೆ ಓದಿದ ಗೆಳೆಯರೊಬ್ಬರಿಗೆ ಫೋನ್ ಮಾಡಿದೆವು. ಅವರು ಒಂದೊಂದೇ ಕೇಳುತ್ತಾ ಹೋದರು, ನಮ್ಮ ತಪ್ಪುಗಳು ಒಂದೊಂದೇ ಹೊರಬಂದವು.

ಮೊದಲನೆಯದು, ತೊಟ್ಟಿಯ ಬಿರುಕಿಗೆ ಹೊಸ ಸಿಮೆಂಟ್ ಮೆತ್ತಿ ಮೂರೇ ದಿನಕ್ಕೆ ಮೀನು ಬಿಟ್ಟಿದ್ದೆವು. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಬಿಟ್ಟುಕೊಂಡು ನೀರು ಖಾರವಾಗುತ್ತದೆ, ಮೀನಿನ ಕಿವಿರು ಸುಡುತ್ತದೆ. ನೀರು ತುಂಬಿಸಿ, ಬಾಳೆದಿಂಡು ಕಡಿದು ಹಾಕಿ, ಕೆಲವು ವಾರ ನೆನೆಸಿ, ಎರಡು ಮೂರು ಸಲ ನೀರು ಚೆಲ್ಲಿ ಹದ ಮಾಡಬೇಕಿತ್ತು.

ಎರಡನೆಯದು, ಪ್ರೀತಿಗೆ ದಿನಕ್ಕೆ ನಾಲ್ಕೈದು ಸಲ ತಿಂಡಿ ಹಾಕಿದ್ದು. ಮೀನಿನ ಕಿವಿರಿಂದ ಅಮೋನಿಯಾ ಹೊರಬರುತ್ತದೆ. ತಿನ್ನದೆ ಉಳಿದ ತಿಂಡಿ ಕೊಳೆತರೂ ಅದೇ. ದನದ ಕೊಟ್ಟಿಗೆ ಎರಡು ದಿನ ತೊಳೆಯದಿದ್ದರೆ ಮೂಗಿಗೆ ಬಡಿಯುವ ವಾಸನೆ ಇದೆಯಲ್ಲ, ಅದೇ ಅಮೋನಿಯಾ. ನಾವು ಕೊಟ್ಟಿಗೆಯಿಂದ ಎದ್ದು ಹೊರಗೆ ಹೋಗುತ್ತೇವೆ. ಮೀನು ಎಲ್ಲಿಗೆ ಹೋಗಬೇಕು?

ಮೂರನೆಯದು, ನೀರು ಹಸಿರಾಯಿತು ಅಂತ ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಗೋಡೆ ಉಜ್ಜಿ, ಬೋರಿನ ನೀರು ತುಂಬಿದ್ದು. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಅದೇ ಗೋಡೆಯ ಲೋಳೆಯಲ್ಲಿ ಮನೆ ಮಾಡಿರುತ್ತವೆ. ಅವು ನೆಲೆ ನಿಲ್ಲೋಕೆ ಒಂದು ಒಂದೂವರೆ ತಿಂಗಳು ಬೇಕು. ನಾವು ವಾರ ವಾರ ಉಜ್ಜಿ ಕೊಲ್ಲುತ್ತಿದ್ದೆವು. ಮೇಲಾಗಿ ಆಳದ ಬೋರಿನಿಂದ ಆಗಷ್ಟೇ ಬಂದ ನೀರಿನಲ್ಲಿ ಗಾಳಿ ಬೆರೆತಿರೋದು ಕಡಿಮೆ.

"ನೀವು ಮೀನು ನೋಡ್ಕೊಂಡಿದೀರ, ನೀರು ನೋಡ್ಕೊಂಡಿಲ್ಲ" ಅಂದರು ಗೆಳೆಯರು.

ಅಂದಿನಿಂದ ನೀರು ನೋಡಿಕೊಳ್ಳೋಕೆ ಕಲಿತೆವು. ಹಳೇ ಪ್ಲಾಸ್ಟಿಕ್ ಡ್ರಮ್ಮಿಗೆ ತೊಳೆದ ಜಲ್ಲಿ, ಒಡೆದ ಹೆಂಚು, ಹಳೇ ನೈಲಾನ್ ಬಲೆ ತುಂಬಿ, ತೊಟ್ಟಿಯ ಪಕ್ಕ ಎತ್ತರಕ್ಕೆ ಇಟ್ಟೆವು. ಸಣ್ಣ ಮೋಟರು ನೀರನ್ನು ಡ್ರಮ್ಮಿಗೆ ಎತ್ತುತ್ತದೆ, ಅದು ಸೋಸಿಕೊಂಡು ಮೇಲಿಂದ ತೊಟ್ಟಿಗೆ ಬೀಳುತ್ತದೆ. ಜಲ್ಲಿಯ ಮೇಲೆ ಬ್ಯಾಕ್ಟೀರಿಯಾ ಕೂರುತ್ತವೆ, ನೀರು ಬೀಳುವಾಗ ಗಾಳಿ ಬೆರೆಯುತ್ತದೆ. ಜಲ್ಲಿ ಕೊಳೆಯಾದರೆ ತೊಟ್ಟಿಯ ನೀರಲ್ಲೇ ಅಲುಬಿ ಮತ್ತೆ ಹಾಕುತ್ತೇವೆ. ತಿಂಡಿ ಐದು ನಿಮಿಷದಲ್ಲಿ ಮುಗಿಸುವಷ್ಟೇ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಮಾತ್ರ ತೆಗೆಯುತ್ತೇವೆ, ಅದು ತೆಂಗಿನ ಬುಡಕ್ಕೆ ಹೋಗುತ್ತದೆ. ಗಿಡಕ್ಕೆ ಅದು ಗೊಬ್ಬರದ ನೀರೇ.

ಕರೆಂಟ್ ಹೋದ ರಾತ್ರಿ ಕಷ್ಟ. ಹಗಲು ಗಾಳಿ ಕೊಡುವ ಪಾಚಿ ರಾತ್ರಿ ತಾನೇ ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ನೀರಲ್ಲಿ ಗಾಳಿ ತೀರಾ ಕಮ್ಮಿ ಇರೋದು ಬೆಳಗಿನ ಜಾವ. ಅಂಥ ದಿನ ಬಿಂದಿಗೆಯಲ್ಲಿ ಮೊಗೆದು ಎತ್ತರದಿಂದ ತೊಟ್ಟಿಗೇ ಸುರಿಯುತ್ತೇವೆ, ಅರ್ಧ ಗಂಟೆ. ಉಳಿದ ನಾಲ್ಕು ಮೀನು ಹೀಗೆ ಮೊಳದುದ್ದಕ್ಕೆ ಬಂದವು.

ಅಷ್ಟರಲ್ಲಿ ಬರ ಬಂತು. 2023ರ ಮುಂಗಾರು ಕೈಕೊಟ್ಟಿತು. 2024ರ ಮಾರ್ಚಿಗೆ ನಮ್ಮ ಬೋರು ನಿಂತೇ ಹೋಯಿತು. ಮೂರು ದಿನಕ್ಕೊಮ್ಮೆ ಟ್ಯಾಂಕರ್ ನೀರು. ಬಿಂದಿಗೆ ಸಾಲಿನಲ್ಲಿ ನಿಂತಾಗ ಪಕ್ಕದ ತೋಟದ ಮಾವ ಕೇಳಿಯೇಬಿಟ್ಟರು: "ದನಕ್ಕೇ ನೀರಿಲ್ಲ ಕಣ್ರವ್ವಾ. ನಿಮಗೆ ನೋಡೋ ಮೀನಿಗೆ ನೀರು ಬೇಕಾ?"

ನಮಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ತೊಟ್ಟಿ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ದಿನಕ್ಕೆ ಅರ್ಧ ಸೆಂಟಿಮೀಟರಿನಷ್ಟು ಇಳಿಯುತ್ತಿತ್ತು. ಲೆಕ್ಕ ಹಾಕಿದರೆ 30 ಲೀಟರಿನ ಆಸುಪಾಸು, ಒಂದು ಸೀಮೆಹಸು ದಿನಕ್ಕೆ ಕುಡಿಯೋದಕ್ಕಿಂತ ಕಡಿಮೆ. ಆದರೆ ಸಾಲಿನಲ್ಲಿ ನಿಂತವರ ಮುಂದೆ ಆ ಲೆಕ್ಕ ಹೇಳೋಕೆ ಬಾಯಿ ಬರಲಿಲ್ಲ.

"ನಾಲೆಗೋ ಕೆರೆಗೋ ಬಿಟ್ಬಿಡಿ, ಬದುಕ್ಕೊಳ್ಳಲಿ" ಅಂದರು ಕೆಲವರು. ನಮಗೂ ಅದೇ ಸರಿ ಅನ್ನಿಸಿತ್ತು. ಗೆಳೆಯರು ತಡೆದರು. ಅಂಗಡಿಯ ಮೀನಿನ ಜೊತೆ ರೋಗವೂ ಬರಬಹುದು. ಕೊಯಿಗೆ ತಗಲುವ ಹರ್ಪಿಸ್ ವೈರಸ್ ಸಾಮಾನ್ಯ ಗೆಂಡೆಯನ್ನೂ ಕೊಲ್ಲುತ್ತದೆ. ದುಡ್ಡು ಹಾಕಿ ಕೆರೆಗೆ ಮರಿ ಬಿಟ್ಟವರ ಹೊಟ್ಟೆಪಾಡು ಅದು. ನಮ್ಮ ಕರುಣೆಗೆ ಅವರು ಬೆಲೆ ಕಟ್ಟಬೇಕಾ?

ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಮಾವನ ತೋಟದಲ್ಲಿ ಹೊಸದಾಗಿ ನೆಟ್ಟ ತೆಂಗಿನ ಸಸಿಗಳು ಒಣಗುತ್ತಿದ್ದವು. ತೊಟ್ಟಿಯಿಂದ ಒಂದು ಅಡಿ ನೀರು, ಅಂದರೆ ಸುಮಾರು 1,700 ಲೀಟರ್, ಬಿಂದಿಗೆಯಲ್ಲಿ ಹೊತ್ತು ಆ ಸಸಿಗಳಿಗೆ ಕೊಟ್ಟೆವು. ಮೀನಿಗೆ ಉಳಿದದ್ದು ಎರಡು ಅಡಿ. ತಿಂಡಿ ಎರಡು ದಿನಕ್ಕೊಮ್ಮೆ, ಅದೂ ಚಿಟಿಕೆ. ಕಮ್ಮಿ ತಿಂದರೆ ನೀರೂ ಕಮ್ಮಿ ಕೆಡುತ್ತದೆ. ಮರುದಿನ ಮಾವ ಏನೂ ಮಾತಾಡದೆ ಒಂದು ಹೊರೆ ತೆಂಗಿನ ಗರಿ ತಂದು ತೊಟ್ಟಿಯ ಮೇಲೆ ಹೊದಿಸಿ ಹೋದರು.

ಏಪ್ರಿಲ್ ಬಿಸಿಲಿಗೆ ಕಡಿಮೆ ನೀರು ಬೇಗ ಕಾಯುತ್ತದೆ. ಕಾದ ನೀರಿನಲ್ಲಿ ಗಾಳಿ ನಿಲ್ಲೋದೂ ಕಮ್ಮಿ. ಒಂದು ಮೀನು ಸತ್ತಿತು, ಎಲ್ಲಕ್ಕಿಂತ ದೊಡ್ಡದು. ನೀರು ಕೊಟ್ಟಿದ್ದರಿಂದಲೇ ಸತ್ತಿತು ಅಂತ ನಮಗೆ ಗೊತ್ತು. ಕೊಟ್ಟಿದ್ದು ತಪ್ಪು ಅಂತ ಇವತ್ತಿಗೂ ಅನ್ನಿಸಿಲ್ಲ. ಆದರೂ ಅವತ್ತು ಇಬ್ಬರಿಗೂ ಊಟ ಸೇರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಬಂತು. ಈಗ ಮೂರು ಮೀನಿವೆ. ಅಜ್ಜಿ ಬೆಳಿಗ್ಗೆ ಹಾಲು ಕರೆಯೋಕೆ ಹೋಗುವ ಮುಂಚೆ ಅವನ್ನು ಒಮ್ಮೆ ನೋಡುತ್ತಾರೆ. ಕರೆಂಟ್ ಇಲ್ಲದಿದ್ದರೆ ನಮ್ಮನ್ನು ಎಬ್ಬಿಸೋದಿಲ್ಲ, ತಾವೇ ಬಿಂದಿಗೆ ಹಿಡಿಯುತ್ತಾರೆ.

ಮನೆಗೆ ಬಂದವರು "ನಮಗೂ ನಾಲ್ಕು ಮೀನು ಎಲ್ಲಿ ಸಿಗುತ್ತವೆ?" ಅಂತ ಕೇಳುತ್ತಾರೆ. ನಾವು ತಿರುಗಿಸಿ ಕೇಳೋದು ಇಷ್ಟೇ: ಏಪ್ರಿಲ್ ತಿಂಗಳಲ್ಲಿ ನಿಮ್ಮ ಬೋರಿನಲ್ಲಿ ನೀರು ಎಷ್ಟಿರುತ್ತೆ?